ಗಂಜಿಯ ಲೆಕ್ಕ, ಗುದ್ದಲಿಯ ಲೆಕ್ಕ

ಅಸ್ಪೃಶ್ಯರು ಕ್ರೈಸ್ತರಾದ ಚರಿತ್ರೆಯನ್ನು ಎತ್ತಿದ ಕೂಡಲೇ ನಮ್ಮ ವಿದ್ಯಾವಂತರ ಬಾಯಿಂದ ಬರುವ ಮೊದಲ ಮಾತು ‘ಗಂಜಿಗೆ ಹೋದರು’ ಅನ್ನುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ರೈಸ್ ಕ್ರಿಶ್ಚಿಯನ್’ ಅಂತ ಹೆಸರನ್ನೇ ಇಟ್ಟಿದ್ದಾರೆ. ಹಿಂದುತ್ವದವರು ಇದನ್ನು ಸಿಟ್ಟಿನಿಂದ ಹೇಳುತ್ತಾರೆ, ಗಾಂಧಿವಾದಿಗಳು ಮರುಕದಿಂದ ಹೇಳುತ್ತಾರೆ, ಪ್ರಗತಿಪರರು ಆರ್ಥಿಕ ಕಾರಣ ಅಂತ ಗಂಭೀರವಾಗಿ ಹೇಳುತ್ತಾರೆ. ಮೂವರ ಮಾತಿನ ತಿರುಳೂ ಒಂದೇ: ದಲಿತನಿಗೆ ಹೊಟ್ಟೆ ಇದೆ, ತಲೆ ಇಲ್ಲ. 1936ರಲ್ಲಿ ಗಾಂಧೀಜಿ ಅಮೆರಿಕದ ಮಿಶನರಿ ನಾಯಕ ಜಾನ್ ಮಾಟ್ ಅವರ ಜೊತೆ ಮಾತಾಡುವಾಗ, ಧರ್ಮಧರ್ಮಗಳ ತಾರತಮ್ಯ ತಿಳಿಯುವ ವಿಷಯದಲ್ಲಿ ಅಸ್ಪೃಶ್ಯರಲ್ಲಿ ಕೆಲವರನ್ನು ಹಸುವಿಗಿಂತ ಕೆಳಗಿಟ್ಟು ಮಾತಾಡಿದರು. ಹಸುವಿಗೆ ಹೋಲಿಸಿದ್ದು ಗೌರವ ಅಂತ ತಿಳಿಯಬೇಕೋ ಏನೋ, ನಮ್ಮ ದೇಶದಲ್ಲಿ ಹಸುವಿಗಿರುವ ಮರ್ಯಾದೆ ನೋಡಿದರೆ!

ಹಸಿದವನು ಅನ್ನ ಕೊಟ್ಟವನ ದೇವರ ಕಡೆ ತಿರುಗಿ ನೋಡಿದರೆ ಅದರಲ್ಲಿ ಅಪರಾಧವೇನು ಅಂತ ಕೇಳಿ ಸುಮ್ಮನಾಗಬಹುದು. ಆದರೆ ಚರಿತ್ರೆಯನ್ನು ಅಷ್ಟಕ್ಕೇ ಬಿಡಬಾರದು. ಪ್ರೀತಿಯಿಂದ ಕೊಡುವುದು ಅಂತ ಕ್ರೈಸ್ತರು ಯಾವುದನ್ನು ಕರೆದರೋ ಅದು ನಮ್ಮ ಕೇರಿಗಳಿಗೆ ಬಂದಾಗ ಏನಾಯಿತು, ಕೊಟ್ಟವರು ಏನೆಂದುಕೊಂಡು ಕೊಟ್ಟರು, ತಗೊಂಡವರು ಏನೆಂದುಕೊಂಡು ತಗೊಂಡರು, ತಗೊಂಡಮೇಲೆ ಅವರು ತೆತ್ತದ್ದೇನು? ಇದನ್ನು ಒಂದು ಜಾಗ ಹಿಡಿದು, ಒಂದು ಕಾಲ ಹಿಡಿದು ನೋಡಬೇಕು. ನಾನು ಹಿಡಿದಿರುವುದು ಧಾತು ಸಂವತ್ಸರದ ಬರವನ್ನು, ಮತ್ತು ತೆಲುಗು ಸೀಮೆಯ ಒಂಗೋಲನ್ನು. ಒಂಗೋಲು ದೂರ ಅನ್ನಬೇಡಿ. ಅಲ್ಲಿ ಈ ಚರಿತ್ರೆಯ ನಾಯಕರು ಮಾದಿಗರು. ಬಳ್ಳಾರಿ, ರಾಯಚೂರು, ಕೋಲಾರದ ಮಾದಿಗ ಕೇರಿಗಳಿಗೂ ಅಲ್ಲಿಯ ಕೇರಿಗಳಿಗೂ ನಡುವೆ ಇರುವುದು ಭಾಷೆಯ ಗೆರೆ, ಅದೂ ಅಳಿಸಿಹೋದ ಗೆರೆ.

ಮೊದಲು ಬರ. 1876ರಲ್ಲಿ ಮಳೆ ಕೈಕೊಟ್ಟಿತು, 1877ರಲ್ಲೂ ಸರಿಯಾಗಿ ಹಿಡಿಯಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಹುಟ್ಟಬೇಕಾಗಿದ್ದವರನ್ನು ಬಿಟ್ಟರೂ ಒಂಬತ್ತು ಲಕ್ಷದ ಹತ್ತಿರ ಜನ ಲೆಕ್ಕದಿಂದಲೇ ಮಾಯ. ಬಳ್ಳಾರಿ ಆಗ ಮದರಾಸು ಪ್ರಾಂತದಲ್ಲಿತ್ತು. ಅಲ್ಲಿಯ ಸಾವೂ ಇದಕ್ಕೆ ಕಮ್ಮಿಯದ್ದಲ್ಲ. ಈ ಹೊತ್ತಿನಲ್ಲೇ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದ. ಆಮೇಲೆ ಖರ್ಚು ಹಿಡಿತಕ್ಕೆ ತರಲಿಕ್ಕೆ ಸರ್ ರಿಚರ್ಡ್ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳಿಸಿದ. ಟೆಂಪಲ್ ಬಂದವನೇ ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆ ಕಾಸಿಗೆ ಇಳಿಸಿದ. ಒಂದು ಪೌಂಡು ಅಂದರೆ ಅರ್ಧ ಕೇಜಿಗೂ ಕಮ್ಮಿ, ಅದನ್ನು ತಿಂದು ದಿನವಿಡೀ ಮಣ್ಣು ಹೊರಬೇಕು. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದು ಮನುಷ್ಯ ಬದುಕುವ ಲೆಕ್ಕವಲ್ಲ ಅಂತ ಜಗಳ ಕಾದ. ಕೆಲವು ತಿಂಗಳ ಮೇಲೆ ಕೂಲಿ ಏರಿಸಬೇಕಾಯಿತು. ಅಷ್ಟರಲ್ಲಿ ಹೋಗುವವರು ಹೋಗಿದ್ದರು.

ಬರ ಎಲ್ಲರಿಗೂ ಬಂತು ಅನ್ನುವುದು ಅರ್ಧ ಸತ್ಯ. ಊರಿನ ಪದ್ಧತಿಯಲ್ಲಿ ಮಾದಿಗನ ಅನ್ನ ಇದ್ದದ್ದು ಆಯದಲ್ಲಿ. ಸತ್ತ ದನ ಎಳೆದು, ಚರ್ಮ ಹದ ಮಾಡಿ, ರೈತನಿಗೆ ಕಪಿಲೆ ಬಾನಿ, ಮಿಣಿ, ಮೆಟ್ಟು ಹೊಲಿದು ಕೊಟ್ಟರೆ ಸುಗ್ಗಿಯಲ್ಲಿ ಕಣದ ಮೂಲೆಯಿಂದ ಇಷ್ಟು ಕಾಳು. ಕಣದಲ್ಲಿ ರಾಶಿ ಇಲ್ಲದ ವರ್ಷ ಆಯ ಎಲ್ಲಿಂದ ಬಂತು? ಒಕ್ಕಲಿಗನಿಗೆ ಹಗೇವಿನ ತಳದಲ್ಲಾದರೂ ಒಂದಿಷ್ಟು ಜೋಳ ಇತ್ತು, ಅಡವಿಡಲಿಕ್ಕೆ ಹೊಲ ಇತ್ತು. ಮಾದಿಗನಿಗೆ ಇದ್ದದ್ದು ಸಾಯುತ್ತಿರುವ ದನಗಳು ಮಾತ್ರ. ಬರದಲ್ಲಿ ದನ ಲೆಕ್ಕವಿಲ್ಲದೆ ಸತ್ತವು, ಮದರಾಸಿನ ಬಂದರಿನಿಂದ ಚರ್ಮದ ರಫ್ತು ಏರಿತು. ಆ ಲಾಭ ಸಾಹುಕಾರರಿಗೆ ಹೋಯಿತು. ದನ ಮುಗಿದಮೇಲೆ ಮಾದಿಗನ ಕಸುಬೂ ಮುಗಿಯಿತು.

ಇಲ್ಲಿ ದಾನದ ಬಗ್ಗೆ ಒಂದು ಮಾತು ಆಡಬೇಕು. ನಮ್ಮ ನಾಡಿನಲ್ಲಿ ದಾನಕ್ಕೇನು ಬರವಿರಲಿಲ್ಲ. ಕರ್ನಾಟಕದ ಶಾಸನಗಳನ್ನು ತೆಗೆದು ನೋಡಿ: ಭೂದಾನ, ಗೋದಾನ, ಅಗ್ರಹಾರ, ಬ್ರಹ್ಮದೇಯ. ಕಲ್ಲಿನ ಮೇಲೂ ದಾನ, ತಾಮ್ರದ ಮೇಲೂ ದಾನ. ಆದರೆ ಆ ದಾನದ ನೀರು ಹರಿದದ್ದು ಮೇಲಕ್ಕೆ. ದಾನ ಪಡೆಯಲಿಕ್ಕೆ ‘ಪಾತ್ರ’ನಾಗಿರಬೇಕು, ಪಾತ್ರತೆ ಹುಟ್ಟಿನಿಂದ ಬರಬೇಕು. ದಾನ ತಗೊಂಡ ಬ್ರಾಹ್ಮಣ ಕೊಟ್ಟ ಅರಸನಿಗೆ ಋಣಿಯಾಗಲಿಲ್ಲ. ಅರಸನೇ ಅವನ ಕಾಲಿಗೆ ಬಿದ್ದು ಪುಣ್ಯ ಪಡೆದುಕೊಂಡ. ಇಡೀ ಗ್ರಾಮವನ್ನೇ ಉಂಬಳಿ ತಗೊಂಡವನನ್ನು ‘ನೀನು ಹೊಲಕ್ಕೋಸ್ಕರ ವೇದ ಓದಿದೆಯೋ’ ಅಂತ ಯಾರೂ ಕೇಳಲಿಲ್ಲ. ಒಂದು ಸೇರು ರಾಗಿ ತಗೊಂಡ ಮಾದಿಗನನ್ನು ಮಾತ್ರ ನೂರೈವತ್ತು ವರ್ಷದಿಂದ ಕೇಳುತ್ತಲೇ ಇದ್ದಾರೆ.

ವಚನಕಾರರು ಈ ದಾನದ ವ್ಯಾಕರಣವನ್ನು ಒಡೆದರು, ಕಾಯಕ ಮತ್ತು ದಾಸೋಹ ಅಂತ ಬೇರೆ ಮಾತು ತಂದರು. ಗಂಡ ಮಾರಯ್ಯ ಅವತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ವಾಪಸು ಸುರಿದು ಬಾ ಅಂತ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ಆಮೇಲೆ ಮಠಗಳು ಬಂದವು, ದಾಸೋಹ ಪಂಕ್ತಿಯಾಯಿತು, ಪಂಕ್ತಿಗೆ ಜಾತಿ ಬಂತು. ಅದು ಬೇರೆ ಲೇಖನದ ವಿಷಯ.

ಕ್ರೈಸ್ತರ ‘ಚಾರಿಟಿ’ ಅನ್ನುವ ಮಾತಿಗೂ ಒಂದು ಚರಿತ್ರೆ ಇದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅದು ‘ಅಗಾಪೆ’, ಲ್ಯಾಟಿನ್ನಿಗೆ ಬಂದಾಗ ‘ಕಾರಿತಾಸ್’. ಕಾರಿತಾಸ್ ಅಂದರೆ ಪ್ರೀತಿ. ಅದೇ ಶಬ್ದಕ್ಕೆ ಹಳೆಯ ಲ್ಯಾಟಿನ್ನಿನಲ್ಲಿ ಧಾನ್ಯದ ತುಟ್ಟಿ ಬೆಲೆ ಅನ್ನುವ ಅರ್ಥವೂ ಇತ್ತು. ಬರಗಾಲದ ಚರಿತ್ರೆ ಬರೆಯುವವನಿಗೆ ಇಷ್ಟು ಒಪ್ಪುವ ಶಬ್ದ ಇನ್ನೊಂದಿಲ್ಲ! 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಇದ್ದದ್ದು ‘ಚಾರಿಟಿ’. 1881ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ತೆಗೆದು ಪ್ರೀತಿ ಅನ್ನುವ ಅರ್ಥದ ‘ಲವ್’ ಹಾಕಿದರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಚಾರಿಟಿ ಅಂದರೆ ಉಳ್ಳವರು ಇಲ್ಲದವರಿಗೆ ಎಸೆಯುವ ಚಿಲ್ಲರೆ ಅಂತ ಆಗಿಹೋಗಿತ್ತು. ಕನ್ನಡ ಬೈಬಲ್ ಆ ಜಾಗದಲ್ಲಿ ‘ಪ್ರೀತಿ’ ಅನ್ನುತ್ತದೆ. ದಾನಧರ್ಮ ಅನ್ನುವ ಮಾತು ಅಲ್ಲಿ ಬಾರದೇ ಹೋದದ್ದು ದೊಡ್ಡ ಪುಣ್ಯ.

ಸರಿ, ಒಂಗೋಲು. ಅಮೆರಿಕದ ಬ್ಯಾಪ್ಟಿಸ್ಟರು ತೆಲುಗು ಸೀಮೆಗೆ ಬಂದದ್ದು 1836ರಲ್ಲಿ, ನೆಲ್ಲೂರಿನಲ್ಲಿ ನೆಲೆ ನಿಂತದ್ದು 1840ರಲ್ಲಿ. ಬಹುಕಾಲ ಅವರ ಮಾತು ಕೇಳಿದವರೇ ಇಲ್ಲ. ಇದನ್ನು ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಚರ್ಚೆಯೂ ನಡೆಯಿತು. 1866ರಲ್ಲಿ ಜಾನ್ ಎವರೆಟ್ ಕ್ಲಫ್ ಅನ್ನುವ, ಮೊದಲು ಸರ್ವೆ ಕೆಲಸ ಮಾಡಿಕೊಂಡಿದ್ದ ಮನುಷ್ಯ ಒಂಗೋಲಿಗೆ ಬಂದು ಕೂತ. ಬಂದವನಿಗೆ ಇದ್ದ ಆಸೆ ಎಲ್ಲ ಮಿಶನರಿಗಳದ್ದೇ: ಮೊದಲು ಮೇಲ್ಜಾತಿಯವರನ್ನು ಹಿಡಿಯಬೇಕು, ಅವರು ಬಂದರೆ ಉಳಿದವರು ತಾವೇ ಬರುತ್ತಾರೆ. ಅವನ ಶಾಲೆಗೆ ಬ್ರಾಹ್ಮಣ ಹುಡುಗರು ಬರುತ್ತಿದ್ದರು. ಅಷ್ಟರಲ್ಲಿ ಮಾದಿಗರು ಬಂದು ನಿಂತರು. ಇವರನ್ನು ಸೇರಿಸಿದರೆ ನಾವು ಬರೋದಿಲ್ಲ ಅಂತ ಮೇಲ್ಜಾತಿಯವರು ಹೇಳಿದರು. ಕ್ಲಫ್‌ಗೂ ಅವನ ಹೆಂಡತಿ ಹ್ಯಾರಿಯೆಟ್‌ಗೂ ಏನು ಮಾಡಬೇಕೆಂದು ತೋಚಲಿಲ್ಲ. ಇಬ್ಬರೂ ಬೇರೆ ಬೇರೆ ಕೂತು ಬೈಬಲ್ ತೆರೆದರೆ ಇಬ್ಬರಿಗೂ ಪೌಲನ ಪತ್ರದ ಒಂದೇ ಭಾಗ, ದೇವರು ಆರಿಸಿಕೊಂಡದ್ದು ಕುಲವಂತರನ್ನಲ್ಲ, ಲೋಕ ಕೀಳೆಂದು ತಳ್ಳಿದವರನ್ನು ಅನ್ನುವ ಭಾಗ, ಸಿಕ್ಕಿತು ಅಂತ ಕ್ಲಫ್ ಬರೆದುಕೊಂಡಿದ್ದಾನೆ. ಇದನ್ನು ಭಕ್ತರು ಪವಾಡ ಅನ್ನುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಹೊತ್ತಿಗೆ ಮಾದಿಗರು ಬಾಗಿಲಲ್ಲಿ ಬಂದು ನಿಂತಿದ್ದರು ಅನ್ನುವುದು. ಅವರು ಬಾರದೆ ಇದ್ದರೆ ಆ ಪುಟ ತೆರೆದರೂ ಓದಿಸಿಕೊಳ್ಳುತ್ತಿರಲಿಲ್ಲ.

ಬಂದವರು ಯಾರು? ಎರ್ರಗುಂಟ್ಲ ಪೇರಯ್ಯ. ಚರ್ಮದ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಮಾದಿಗ. ಇವನ ಬಗ್ಗೆ ನಮಗೆ ತಿಳಿಯುವುದು ಕ್ಲಫ್‌ನ ಎರಡನೆಯ ಹೆಂಡತಿ ಎಮ್ಮಾ ರೌಶೆನ್‌ಬುಶ್ ಕ್ಲಫ್ 1899ರಲ್ಲಿ ಪ್ರಕಟಿಸಿದ ‘ವೈಲ್ ಸೋಯಿಂಗ್ ಸ್ಯಾಂಡಲ್ಸ್’ ಪುಸ್ತಕದಿಂದ. ಚಪ್ಪಲಿ ಹೊಲಿಯುತ್ತಾ ಮಾದಿಗರು ಹೇಳಿದ ಕತೆಗಳು ಅಂತ ಅದರ ಹೆಸರಿನ ಭಾವ. ಮಾದಿಗರನ್ನು ಕೂರಿಸಿಕೊಂಡು ನಿಮ್ಮ ಕತೆ ಹೇಳಿ ಅಂತ ಕೇಳಿದ ಇಂಥ ಪುಸ್ತಕ ಆ ಕಾಲಕ್ಕೆ ಅಪರೂಪ. ಪೇರಯ್ಯ ಹೊಟ್ಟೆಗಿಲ್ಲದೆ ಅಲೆಯುತ್ತಿದ್ದವನಲ್ಲ, ದೇವರಿಗಾಗಿ ಅಲೆಯುತ್ತಿದ್ದವನು. ಬಂಡಿಕಟ್ಲ ವೀರಮ್ಮ ಅನ್ನುವ ಯೋಗಿನಿಯಿಂದ ಯೋಗದೀಕ್ಷೆ ತಗೊಂಡಿದ್ದ. ಮಾದಿಗ ಕೇರಿಗಳಲ್ಲಿ ಗುರುಗಳ ದೊಡ್ಡ ಪರಂಪರೆಯೇ ಇತ್ತು, ಜಾತಿಯ ಗೆರೆ ದಾಟಿದ ಗುಟ್ಟಿನ ಪಂಥಗಳಿದ್ದವು. ನಮ್ಮ ಅವಧೂತ ಪರಂಪರೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಅಂದರೆ ಕ್ರಿಸ್ತನ ಮಾತು ಬಂದು ಬಿದ್ದದ್ದು ಬರಿದಾದ ಮಡಕೆಗಲ್ಲ. ಪೇರಯ್ಯ ದೀಕ್ಷಾಸ್ನಾನ ಮಾಡಿಸಿಕೊಂಡು ತನ್ನ ಸೀಮೆಗೆ ವಾಪಸಾಗಿ ಹೆಂಡತಿಯೊಂದಿಗೆ ಹಳ್ಳಿ ಹಳ್ಳಿ ತಿರುಗಿದ. 1867ರ ಜನವರಿಯಲ್ಲಿ ಕ್ಲಫ್ ಅವನ ಊರಿನ ಬಳಿಗೆ ಹೋದಾಗ 28 ಜನ ದೀಕ್ಷೆಗೆ ತಯಾರಾಗಿ ನಿಂತಿದ್ದರು. ಬರ ಬರಲಿಕ್ಕೆ ಇನ್ನೂ ಹತ್ತು ವರ್ಷ ಇತ್ತು. ‘ಗಂಜಿಗೆ ಹೋದರು’ ಅನ್ನುವವರು ಈ ಹತ್ತು ವರ್ಷವನ್ನು ನುಂಗಿಬಿಡುತ್ತಾರೆ.

ಆ ಹತ್ತು ವರ್ಷದಲ್ಲಿ ಅವರು ತಗೊಂಡದ್ದಕ್ಕಿಂತ ಕಳಕೊಂಡದ್ದೇ ಹೆಚ್ಚು. ದೀಕ್ಷೆಗೆ ಬಂದವರಿಗೆ ಇದ್ದ ಕಟ್ಟಳೆ ಮೂರು: ಭಾನುವಾರ ಕೆಲಸ ಮಾಡಬಾರದು, ವಿಗ್ರಹಕ್ಕೆ ಅಡ್ಡಬೀಳಬಾರದು, ಸತ್ತ ದನದ ಬಾಡು ತಿನ್ನಬಾರದು. ಕೇಳಲಿಕ್ಕೆ ಸಣ್ಣ ಮಾತು. ಆದರೆ ಭಾನುವಾರ ಬರೋದಿಲ್ಲ ಅಂದರೆ ರೆಡ್ಡಿಯ ಹೊಲದಲ್ಲಿ ಸುಗ್ಗಿ ನಿಂತಿತು. ವಿಗ್ರಹ ಇಲ್ಲ ಅಂದರೆ ಊರ ಜಾತ್ರೆಯಲ್ಲಿ ಹಲಗೆ ಬಡಿಯುವವರು ಯಾರು? ಬಾಡು ಬಿಟ್ಟರು ಅಂದರೆ ದನ ಎಳೆದು ಚರ್ಮ ಕೊಡುವ ಒಪ್ಪಂದವೇ ಸಡಿಲಾಯಿತು, ಅದರ ಜೊತೆ ಆಯವೂ ಹೋಯಿತು. ಮೂರು ಕಟ್ಟಳೆಯೂ ನೇರವಾಗಿ ಹೋಗಿ ನಾಟಿದ್ದು ಬಿಟ್ಟಿಚಾಕರಿಯ ಬೇರಿಗೆ. ಊರವರಿಗೆ ಇದು ಮಿಶನರಿಗಿಂತ ಮೊದಲು ಅರ್ಥವಾಯಿತು. ಬಾವಿ ಮುಚ್ಚಿದರು, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಹೊಡೆದರು, ಸುಳ್ಳು ಕಳವಿನ ಕೇಸು ಹಾಕಿಸಿದರು. ಅಂಬೇಡ್ಕರ್ 1927ರಲ್ಲಿ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ ಅಂತ ಕರೆ ಕೊಟ್ಟದ್ದನ್ನು ನಾವು ಸ್ವಾಭಿಮಾನದ ಚರಿತ್ರೆಯ ಮೊದಲ ಪಾಠ ಅಂತ ಓದುತ್ತೇವೆ. ಅದಕ್ಕೆ ಅರವತ್ತು ವರ್ಷ ಮೊದಲು ಒಂಗೋಲಿನ ಮಾದಿಗರು ಅದೇ ಕೆಲಸ ಮಾಡಿ ಒದೆ ತಿಂದದ್ದು ಮಾತ್ರ ಚರ್ಚಿನ ಚರಿತ್ರೆ ಅಂತ ಬೇರೆ ಕಪಾಟಿನಲ್ಲಿದೆ.

ಇನ್ನು ಕಾಲುವೆ. ಬರಗಾಲದಲ್ಲಿ ಸರ್ಕಾರ ಕೂಲಿ ಕೊಡಲಿಕ್ಕೆ ಎತ್ತಿಕೊಂಡ ಕೆಲಸಗಳಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ ಒಂದು. ಮದರಾಸಿನ ಬಳಿ 1806ರಲ್ಲೇ ಶುರುವಾಗಿದ್ದ ದೋಣಿ ಕಾಲುವೆಯನ್ನು ಕರಾವಳಿಯುದ್ದಕ್ಕೂ ಬೆಳೆಸುವುದು. ಆಗಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು ಅದಕ್ಕೆ ಬಂತು. ಅಗೆದವರ ಹೆಸರು ಬರಲಿಲ್ಲ, ಬರುವುದೂ ಇಲ್ಲ. ಸರ್ಕಾರಿ ಕೆಲಸದಲ್ಲಿ ಮೇಸ್ತ್ರಿ, ಗುಮಾಸ್ತ ಎಲ್ಲ ಮೇಲ್ಜಾತಿ. ಮಾದಿಗರು ಹೋದರೆ ಬೈಗುಳ, ದೂಡುವುದು, ಲೆಕ್ಕದಲ್ಲಿ ಮೋಸ. ಒಂದು ಪೌಂಡು ಕೂಲಿಯಲ್ಲೂ ಪಾಲು ಹೊಡೆಯುವ ಕೈಗಳಿದ್ದವು. ಕ್ಲಫ್ ಇದನ್ನು ನೋಡಿ ಮೂರೂವರೆ ಮೈಲಿ ಕಾಲುವೆಯ ಗುತ್ತಿಗೆಯನ್ನು ತಾನೇ ತಗೊಂಡ. ಸರ್ವೆ ಮಾಡಿದ ಕೈ ಇಲ್ಲಿ ಉಪಯೋಗಕ್ಕೆ ಬಂತು. ತಾಳೆಗರಿಯ ಗುಡಿಸಲು ಹಾಕಿಸಿದ, ಬಾವಿ ತೋಡಿಸಿದ. ಎರಡು ಮೂರು ಸಾವಿರ ಜನ ಒಂದೇ ಹೊತ್ತಿಗೆ ದುಡಿದರು; ಗಂಡಸರು ಅಗೆದರು, ಹೆಂಗಸರು ಮಕ್ಕರಿಯಲ್ಲಿ ಮಣ್ಣು ಹೊತ್ತರು. ಎಲ್ಲಕ್ಕಿಂತ ದೊಡ್ಡದು, ಮೇಸ್ತ್ರಿಗಳಾಗಿ ನಿಂತವರು ಅವರದೇ ಉಪದೇಶಿಗಳು, ಮಾದಿಗರು. ಹುಟ್ಟಿದಾಗಿನಿಂದ ಬೈಗುಳದ ಜೊತೆಗೆ ಮಾತ್ರ ಕೂಲಿ ಕಂಡವರಿಗೆ ಬೈಗುಳ ಇಲ್ಲದ ಕೂಲಿ ಸಿಕ್ಕಿತು. ನನ್ನ ಮಟ್ಟಿಗೆ ಪ್ರೀತಿಯ ದಾನ ಅನ್ನುವುದೇನಾದರೂ ಒಂಗೋಲಿನಲ್ಲಿ ನಡೆದಿದ್ದರೆ ಅದು ಈ ಮೇಸ್ತ್ರಿಗಿರಿಯಲ್ಲಿ ನಡೆಯಿತು, ಗಂಜಿ ದೊಡ್ಡಿಯಲ್ಲಿ ಅಲ್ಲ.

ಮಧ್ಯಾಹ್ನ ಗುದ್ದಲಿ ಇಳಿಸಿ ಕೂತಾಗ ಉಪದೇಶಿಗಳು ಸುತ್ತ ಕೂತವರಿಗೆ ಬೈಬಲ್ಲಿನ ಮಾತು ಹೇಳುತ್ತಿದ್ದರು. ಜನ ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡದ್ದು ಒಂದೇ ಮಾತನ್ನಂತೆ: ದುಡಿದು ಬಳಲಿದವರನ್ನು, ಹೊರೆ ಹೊತ್ತವರನ್ನು ಕ್ರಿಸ್ತ ತನ್ನ ಹತ್ತಿರ ಕರೆಯುವ ಮಾತು. ತಲೆಯಿಂದ ಆಗತಾನೇ ಮಣ್ಣಿನ ಮಕ್ಕರಿ ಇಳಿಸಿದ ಹೆಂಗಸಿಗೆ ‘ಹೊರೆ’ ಅನ್ನುವುದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ. ದೇವಶಾಸ್ತ್ರದ ಪಂಡಿತರು ಆ ಹೊರೆ ಪಾಪದ ಹೊರೆ ಅನ್ನುತ್ತಾರೆ. ಇರಲಿ.

ಈಗ ಗಂಜಿಯ ಲೆಕ್ಕಕ್ಕೆ ಬರೋಣ. ಬರ ಜೋರಾಗಿದ್ದಾಗ ದೀಕ್ಷೆ ಕೊಡಿ ಅಂತ ಸಾವಿರಾರು ಜನ ಕೇಳಿದರು. ಕ್ಲಫ್ ಕೊಡಲಿಲ್ಲ. 1877ರ ಮಾರ್ಚಿನಿಂದ 1878ರ ಜೂನ್‌ವರೆಗೆ ಹದಿನೈದು ತಿಂಗಳು ಒಬ್ಬರಿಗೂ ದೀಕ್ಷಾಸ್ನಾನ ಇಲ್ಲ. ಅನ್ನ ಕೊಡುವ ಕೈ, ನೀರು ಹಾಕುವ ಕೈ ಎರಡೂ ಒಂದೇ ಕಾಲಕ್ಕೆ ಕೆಲಸ ಮಾಡಬಾರದು ಅಂತ. ಬರ ಇಳಿದು, ಪರಿಹಾರದ ಕೆಲಸ ಮುಗಿಯುವ ಹೊತ್ತಿಗೆ ಒಂಗೋಲಿನ ಉತ್ತರಕ್ಕೆ ಗುಂಡ್ಲಕಮ್ಮ ನದಿಯ ದಂಡೆಯ ವೆಲ್ಲಂಪಲ್ಲಿಯಲ್ಲಿ ಜನ ಸೇರಿದರು. ಇನ್ನು ಕೊಡಲಿಕ್ಕೆ ದುಡ್ಡಿಲ್ಲ ಅಂತ ಹೇಳಿದರು. ನಮಗೆ ದುಡ್ಡು ಬೇಡ, ಕೈಯ ಬೊಬ್ಬೆ ನೋಡಿ, ದುಡಿದಿದ್ದೇವೆ, ದುಡಿಯುತ್ತೇವೆ ಅನ್ನುವ ಅರ್ಥದ ಉತ್ತರ ಬಂತು. ಲಕ್ಕಮ್ಮ ಕೇಳಿದ್ದರೆ ಮೆಚ್ಚುವಂಥ ಉತ್ತರ. ಜುಲೈ 2ರಂದು 614 ಜನ, 3ರಂದು 2,222, 4ರಂದು 700, ಒಟ್ಟು ಮೂರು ದಿನದಲ್ಲಿ 3,536 ಜನ ನದಿಗೆ ಇಳಿದರು. ಇಬ್ಬಿಬ್ಬರು ಉಪದೇಶಿಗಳು ಸರದಿಯಲ್ಲಿ ನೀರಿನಲ್ಲಿ ನಿಂತು ದೀಕ್ಷೆ ಕೊಟ್ಟರು. ಅಂದರೆ ಮಾದಿಗರಿಗೆ ದೀಕ್ಷೆ ಕೊಟ್ಟದ್ದು ಮಾದಿಗರ ಕೈ. ಕ್ಲಫ್ ದಂಡೆಯ ಮೇಲಿದ್ದ. ಆ ವರ್ಷ ಮುಗಿಯುವಾಗ ದೀಕ್ಷೆ ಪಡೆದವರ ಲೆಕ್ಕ 9,606.

ಆ 2,222 ಅನ್ನುವ ಅಂಕಿ ಅಮೆರಿಕದ ಚರ್ಚುಗಳಲ್ಲಿ ದೊಡ್ಡ ಸುದ್ದಿಯಾಯಿತು. ಮಿಶನ್ ಪುಸ್ತಕಗಳಲ್ಲಿ ಇವತ್ತಿಗೂ ಆ ಅಂಕಿ ಬರುತ್ತದೆ, ಕ್ಲಫ್ ಗೆದ್ದದ್ದರ ಗುರುತಾಗಿ. ಆದರೆ ಗಮನಿಸಿ, ಹದಿನೈದು ತಿಂಗಳ ಆ ತಡೆ ಯಾರ ಅನುಮಾನಕ್ಕೆ ಉತ್ತರ? ಯೂರೋಪಿಯನ್ ಟೀಕಾಕಾರರ, ಬ್ರಾಹ್ಮಣ ಪತ್ರಿಕೆಗಳ, ಅಮೆರಿಕದ ಚಂದಾದಾರರ ಅನುಮಾನಕ್ಕೆ. ಆ ತಡೆಯನ್ನು ನಾನು ಗೌರವಿಸುತ್ತೇನೆ; ಬರದ ಬಾಯಲ್ಲಿ ತತ್ತ್ವಕ್ಕೆ ಅಂಟಿಕೊಂಡದ್ದು ಕಡಿಮೆ ಮಾತಲ್ಲ. ಆದರೂ ನಂಬಿಕೆಗೆ ಪುರಾವೆ ಕೊಡಬೇಕಾದವನು ಯಾವಾಗಲೂ ಕೆಳಗಿನವನೇ ಯಾಕೆ? ಮೇಲ್ಜಾತಿಯವನೊಬ್ಬ ಕ್ರೈಸ್ತನಾದರೆ ಅದು ಚಿಂತನೆ, ಅದಕ್ಕೊಂದು ಆತ್ಮಕಥೆ. ಮಾದಿಗ ಆದರೆ ಅದಕ್ಕೆ ಕೈಯ ಬೊಬ್ಬೆ ತೋರಿಸಬೇಕು.

ಮಿಕ್ಕ ಕಡೆಯ ಬರದ ದಾನ ಹೇಗಿತ್ತು ಅನ್ನುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 1877ರಲ್ಲಿ ಲಂಡನ್ನಿನ ಮೇಯರ್ ಮ್ಯಾನ್ಶನ್ ಹೌಸ್ ನಿಧಿ ಎತ್ತಿದ. ಲಕ್ಷಗಟ್ಟಲೆ ಪೌಂಡು ಕೂಡಿತು, ಮದರಾಸಿನಲ್ಲಿ ಪತ್ರಕರ್ತ ವಿಲಿಯಂ ಡಿಗ್ಬಿ ಅದರ ಕಾರ್ಯದರ್ಶಿ. ಹಣ ದಟ್ಟ ದರಿದ್ರರಿಗೆ ಹೋಯಿತು ಅಂತ ನೀವು ತಿಳಿದರೆ ತಪ್ಪು. ಜೀವ ಉಳಿಸುವುದು ಸರ್ಕಾರದ ಕೆಲಸ, ನಾವು ಬದುಕು ಎತ್ತಿ ನಿಲ್ಲಿಸೋಣ ಅಂತ ನಿಧಿಯ ದೊಡ್ಡ ಪಾಲು ಬೀಜಕ್ಕೆ, ಎತ್ತಿಗೆ, ಮನೆ ರಿಪೇರಿಗೆ ಹೋಯಿತು. ಬೀಜ ಯಾರಿಗೆ? ಹೊಲ ಇದ್ದವನಿಗೆ. ಎತ್ತು ಯಾರಿಗೆ? ನೇಗಿಲು ಇದ್ದವನಿಗೆ. ನಿಧಿಯವರಿಗೆ ಕೆಟ್ಟ ಮನಸ್ಸಿರಲಿಲ್ಲ, ಪ್ರೀತಿಯೂ ಇತ್ತೆನ್ನಿ. ಪ್ರೀತಿ ಪಹಣಿ ಹಿಡಿದುಕೊಂಡು ನಡೆಯಿತು, ಅಷ್ಟೇ. ನಮ್ಮ ಮೈಸೂರು ಸೀಮೆಯಲ್ಲಿ ಬರದ ಅನಾಥ ಮಕ್ಕಳಿಗಾಗಿ ವೆಸ್ಲಿಯನ್ ಮಿಶನ್ ಹಾಸನ, ತುಮಕೂರುಗಳಲ್ಲಿ ಅನಾಥಾಲಯ ನಡೆಸಿತು, ಕ್ಯಾಥೊಲಿಕರೂ ನಡೆಸಿದರು. ಅಲ್ಲಿ ಬೆಳೆದ ಮಕ್ಕಳಿಗೆ ತಂದೆತಾಯಿ ಬರದಲ್ಲಿ ಸತ್ತಿದ್ದರು, ಜಾತಿ ಅನಾಥಾಲಯದಲ್ಲಿ ಕಳೆಯಿತು. ಮಂಗಳೂರಿನ ಬಾಸೆಲ್ ಮಿಶನ್ ಇದಕ್ಕೆ ಮೊದಲೇ ಬೇರೆ ದಾರಿ ಹಿಡಿದಿತ್ತು. ಮತಾಂತರಗೊಂಡು ಕುಲಕಸುಬು ಕಳಕೊಂಡವರಿಗೆ ನೇಯ್ಗೆ, 1865ರಿಂದ ಹೆಂಚಿನ ಕಾರ್ಖಾನೆ. ಭಿಕ್ಷೆ ಬೇಡ, ಕೆಲಸ ಕೊಡೋಣ ಅಂತ. ಕೆಲಸವೂ ಬಂತು, ಕಾರ್ಖಾನೆಯ ಗಂಟೆಯೂ ಬಂತು, ಮಿಶನ್ನೇ ಧಣಿಯೂ ಆಯಿತು.

ಒಂಗೋಲಿನಲ್ಲೂ ಧಣಿ ಹುಟ್ಟಿದ. ಜನ ಕ್ಲಫ್‌ನನ್ನು ‘ದೊರ’ ಅಂತ ಕರೆದರು. ತೆಲುಗಿನಲ್ಲಿ ದೊರ ಅಂದರೆ ಬಿಳಿಯ ಸಾಹೇಬನೂ ಹೌದು, ಜಮೀನುದಾರನೂ ಹೌದು. ರೆಡ್ಡಿಯ ಕಾಟಕ್ಕೆ ಈ ದೊರೆಯ ಪತ್ರ ಹಿಡಿದು ಕಲೆಕ್ಟರನ ಹತ್ತಿರ ಹೋಗಬಹುದಾಗಿತ್ತು. ಅದು ದೊಡ್ಡ ಬಲ. ಆದರೆ ಪತ್ರ ಬರೆದುಕೊಡುವ ದೊರೆ ಇಲ್ಲದ ದಿನ ಏನು ಗತಿ ಅನ್ನುವುದಕ್ಕೆ ಮಿಶನ್ನಿನ ಹತ್ತಿರ ಉತ್ತರ ಇರಲಿಲ್ಲ. ನೆಲ ಸಿಗಲಿಲ್ಲ. 1880ರಲ್ಲಿ ಮಿಶನ್ ಹೈಸ್ಕೂಲು ಬಂದಾಗ ಅಲ್ಲಿಗೆ ಮೇಲ್ಜಾತಿಯ ಹುಡುಗರೂ ಬಂದು ಕೂತು ಓದಿ ಮುಂದೆ ಹೋದರು. ಅವರನ್ನು ಮಾತ್ರ ‘ಇಂಗ್ಲಿಷಿಗೆ ಹೋದರು’ ಅಂತ ಯಾರೂ ಅನ್ನಲಿಲ್ಲ. ಅಂಬೇಡ್ಕರ್ ಅಸ್ಪೃಶ್ಯರ ಕ್ರೈಸ್ತೀಕರಣದ ಬಗ್ಗೆ ಬರೆದ ಪ್ರಬಂಧಗಳಲ್ಲಿ, ಮಿಶನ್‌ಗಳು ಶಾಲೆಗೆ ಆಸ್ಪತ್ರೆಗೆ ಸುರಿದ ಹಣದ ಫಲ ಬಹುಮಟ್ಟಿಗೆ ಮತಾಂತರವಾಗದ ಮೇಲ್ಜಾತಿ ಹಿಂದುಗಳಿಗೆ ಹೋಯಿತು, ನಂಬಿ ಬಂದ ಬಡ ಕ್ರೈಸ್ತನ ಹಕ್ಕಿಗಾಗಿ ಮಿಶನ್ ಹೋರಾಡಲಿಲ್ಲ ಅಂತ ನೇರವಾಗಿ ಹೇಳಿದ್ದಾರೆ. ಮಿಶನರಿಗಳ ಸೇವೆಯನ್ನು ಮನಸಾರೆ ಹೊಗಳಿದಮೇಲೆ ಹೇಳಿದ ಮಾತು ಅದು. ನಮ್ಮಲ್ಲಿ ಇವೆರಡರಲ್ಲಿ ಒಂದನ್ನು ಮಾತ್ರ ಓದುವವರು ಜಾಸ್ತಿ.

ಜಾತಿಯಂತೂ ಚರ್ಚಿನ ಒಳಗೂ ಕೂತಿತು. ಮಾದಿಗರು ಹೆಚ್ಚಾಗಿ ಬಂದ ಮಿಶನ್ನಿಗೆ ಮಾಲರು ದೂರ, ಮಾಲರು ತುಂಬಿದ ಚರ್ಚಿಗೆ ಮಾದಿಗರು ದೂರ. ನಮ್ಮ ಎಡಗೈ ಬಲಗೈ ಜಗಳ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1985ಕ್ಕೆ ಬರುತ್ತೇನೆ. ಆ ವರ್ಷ ಜುಲೈ 17ರಂದು ಒಂಗೋಲು ಸೀಮೆಯದೇ ಆದ, ಚೀರಾಲದ ಹತ್ತಿರದ ಕಾರಂಚೇಡಿನಲ್ಲಿ ಕಮ್ಮ ಜಮೀನುದಾರರು ಮಾದಿಗ ಕೇರಿಯ ಮೇಲೆ ಬಿದ್ದು ಆರು ಜನರನ್ನು ಕೊಂದರು, ಹೆಂಗಸರನ್ನು ಕೆಡಿಸಿದರು. ಜಗಳ ಹುಟ್ಟಿದ್ದು ಕುಡಿಯುವ ನೀರಿನ ಕೆರೆಯನ್ನು ಗಲೀಜು ಮಾಡಿದ್ದನ್ನು ಪ್ರಶ್ನಿಸಿದ್ದಕ್ಕೆ. ಸತ್ತವರ ಕೇರಿಯಲ್ಲಿ ಕ್ರೈಸ್ತರಿದ್ದರು, ಹೆಸರುಗಳು ಬೈಬಲ್ಲಿನಿಂದ ಬಂದಿದ್ದವು. ಕೊಡಲಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಉಳಿದವರು ಚೀರಾಲಕ್ಕೆ ಓಡಿ ಬಂದು ಶಿಬಿರ ಹೂಡಿದರು. ಅಲ್ಲಿಂದಲೇ ಆಂಧ್ರದ ಹೊಸ ದಲಿತ ಚಳವಳಿ ಎದ್ದಿತು. 1991ರಲ್ಲಿ ಚುಂಡೂರು, ಅಲ್ಲಿ ಮಾಲರ ಎಂಟು ಹೆಣ.

ಅದೇ 1985ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಮದರಾಸಿನ ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನುವವರು ಹೂಡಿದ ಕೇಸು. ರಸ್ತೆ ಬದಿ ದುಡಿಯುವ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಡುತ್ತಿತ್ತು. ಸೂಸೈ ಆದಿದ್ರಾವಿಡರು, ಆದರೆ ಕ್ರೈಸ್ತರು. ಅಂಗಡಿ ಇಲ್ಲ ಅಂದರು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯವನಾಗಲಿಕ್ಕೆ ಹಿಂದುವಾಗಿರಬೇಕು; 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಮತಾಂತರವಾದಮೇಲೂ ಅದೇ ಪ್ರಮಾಣದ ಜಾತಿ ಸಂಕಷ್ಟ ಉಳಿದಿದೆ ಅಂತ ಸಾಬೀತು ಮಾಡಿಲ್ಲ ಅಂತ ಕೋರ್ಟು ಸೂಸೈ ಅವರ ಅರ್ಜಿ ತಳ್ಳಿತು. ಕಾರಂಚೇಡಿನ ಹೆಣಗಳಿಗೆ ಆಗ ಮೂರು ತಿಂಗಳೂ ಆಗಿರಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತನ್ನು ತೆಗೆಯಿರಿ ಅಂದಿತು, 2022ರಲ್ಲಿ ಇದೇ ವಿಷಯಕ್ಕೆ ಬಾಲಕೃಷ್ಣನ್ ಆಯೋಗ ನೇಮಿಸಿದರು. ಗಂಜಿಗೆ ಹೋದರು ಅನ್ನುವ ಹಳೆಯ ಚುಚ್ಚುಮಾತು ಇಲ್ಲಿ ತಿರುಗಿ ನಿಲ್ಲುತ್ತದೆ: ಗಂಜಿಯೇ ಬೇಕಾಗಿದ್ದರೆ 1950ರ ಮೇಲೆ ಇವರೆಲ್ಲ ಶಿಲುಬೆ ಕೆಳಗಿಟ್ಟು ಮೀಸಲಾತಿಗೆ ಬರಬೇಕಾಗಿತ್ತಲ್ಲ. ಕಾಗದದ ಮೇಲೆ ಕೆಲವರು ಬಂದರು, ಹೊಟ್ಟೆಪಾಡಿಗೆ; ಹಾಗೆ ಎರಡು ಹೆಸರು ಇಟ್ಟುಕೊಂಡವರನ್ನು ಬೈಯುವ ಧೈರ್ಯ ನನಗಿಲ್ಲ. ಬಹಳ ಜನ ಬರಲಿಲ್ಲ.

ಕೊನೆಗೆ ಇನ್ನೊಂದು ಲೆಕ್ಕ ಇದೆ, ಅದನ್ನು ಯಾರೂ ಹಾಕುವುದಿಲ್ಲ. ವಿ.ಎಸ್. ಅಜರಯ್ಯ 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅವರ ಸಭೆಯಲ್ಲಿ ತುಂಬಿದ್ದವರು ಮಾಲರು, ಮಾದಿಗರು, ಕೂಲಿಯವರು. ಅಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ಮಡಕೆ ತುಂಬಿದಾಗ ಅದು ಚರ್ಚಿಗೆ ಹೋಗುತ್ತಿತ್ತು, ಹಳ್ಳಿಯ ಉಪದೇಶಿಯ ಊಟಕ್ಕೆ, ಸಂಬಳಕ್ಕೆ, ತಮಗಿಂತ ಇಲ್ಲದವರಿಗೆ. ದುಡ್ಡಿಲ್ಲದವರು ಕೋಳಿ ಕೊಟ್ಟರು, ಮೊಟ್ಟೆ ಕೊಟ್ಟರು. ಕೂಲಿ ಸಿಗದ ದಿನ ಒಲೆಯ ಮೇಲಿನ ಗಡಿಗೆಗೆ ಬೀಳುವುದೇ ಕಮ್ಮಿ. ಆ ದಿನವೂ ಆ ಒಂದು ಹಿಡಿ ಪಕ್ಕದ ಮಡಕೆಗೆ ಹೋಗುತ್ತಿತ್ತು.